ಐದನೆಯ ದಾರಿ

ಹುಡುಗಿ ನಿಂತ ಜಾಗ ಬದಲಾಗಿತ್ತು.

ನಿನ್ನೆ ಸಂಜೆ ಗಾನವಿ ಲ್ಯಾಪ್‌ಟಾಪ್ ಮುಚ್ಚುವಾಗ ಆಕೆ ಜಗಲಿಯ ಮೇಲೆ ಕಂಬ ಹಿಡಿದು ನಿಂತಿದ್ದಳು. ಈಗ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಅದರ ಮುಚ್ಚಳ ಎತ್ತಿದರೆ, ಗೇಟಿನಾಚೆ ಇದ್ದಾಳೆ. ಬೆನ್ನು ಮಾತ್ರ ಕಾಣುತ್ತಿದೆ.

ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಕೆಳಗಿಡುವುದನ್ನೂ ಗಾನವಿ ಮರೆತಳು.

ಅದು ಅವಳ ಗಂಡ ಜ್ಞಾನೇಶ್ ಮಾಡಿದ್ದ ಆಟ. ಆಟವೆಂದರೆ ಕಥೆಯೇ: ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು, ಅದರಡಿ ಒತ್ತಲು ಎರಡು ಆಯ್ಕೆ. ಒತ್ತಿದ್ದಕ್ಕೆ ತಕ್ಕಂತೆ ಕಥೆ ದಾರಿ ಬದಲಿಸುತ್ತದೆ. ವಿಷುಯಲ್ ನಾವೆಲ್ ಅಂತ ಅದಕ್ಕೆ ಹೆಸರು. ಒಟ್ಟು ಐದು ದಾರಿ. ನಾಲ್ಕು ಸಲೀಸು. ಐದನೆಯದು ಯಾರಿಗೂ ಅರ್ಥವಾಗಿರಲಿಲ್ಲ. ಹುಡುಗಿ ಜಗಲಿಯ ಮೇಲಿರುತ್ತಾಳೆ. ‘ಒಳಗೆ ಹೋಗು’ ಒತ್ತಿದರೆ ಪರದೆ ಕಪ್ಪಾಗಿ ಮತ್ತೆ ಜಗಲಿ. ‘ಹೊರಗೆ ಹೋಗು’ ಒತ್ತಿದರೂ ಅದೇ ಜಗಲಿ. ಆಡಿದವರು ಅಂತರ್ಜಾಲದಲ್ಲಿ ಏನೇನೋ ಬರೆದಿದ್ದರು. ಹುಡುಗಿ ಸತ್ತಿದ್ದಾಳೆ ಎಂದೊಬ್ಬ. ಇದು ಆ ಮನೆ ಕಾಣುತ್ತಿರುವ ಕನಸು ಎಂದು ಇನ್ನೊಬ್ಬಳು. ಅರ್ಧಕ್ಕೇ ಕೈಬಿಟ್ಟಿದ್ದಾನೆ, ಸೋಮಾರಿ, ಎಂದು ಮತ್ತೊಬ್ಬ.

ಆಟ ಹೊರಬಿದ್ದ ವಾರಕ್ಕೆ ಹೆದ್ದಾರಿಯಲ್ಲಿ ಲಾರಿ ಬಡಿದು ಜ್ಞಾನೇಶ್ ಹೋದ. ಒಂದು ಮಾತೂ ಹೇಳಿ ಹೋಗಲಿಲ್ಲ. ವರ್ಷವಾಗುತ್ತ ಬಂತು. ಅವನೇ ಅಟ್ಟಕ್ಕೆ ಏರಿಸಿದ್ದ ತೆಂಗಿನಕಾಯಿಗಳ ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಉರುಳುವಂತಾಗಿತ್ತು. ಗಾನವಿಗೆ ಅಳು ಬರುವುದು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು.

ಈಗ ಹಾಸನದ ಕಾಲೇಜೊಂದರಿಂದ ಕಾಗದ ಬಂದಿತ್ತು. ಎಂ.ಎಸ್ಸಿ. ಮಾಡಿದ್ದ ಅವಳಿಗೆ ಉಪನ್ಯಾಸಕಿಯ ಕೆಲಸ, ಸೋಮವಾರ ಸೇರಬೇಕು. ತವರಿನವರು ಹೋಗು ಎಂದರು. ಭಾವ ನಿನ್ನಿಷ್ಟ ಎಂದರು. ಅತ್ತೆ ಸುವರ್ಣಮ್ಮ ಏನೂ ಹೇಳಲಿಲ್ಲ. ಆ ಮೌನವನ್ನು ಗಾನವಿ ಬೇಡ ಎಂದೇ ತಿಳಿದಳು. ಹೋಗು ಎನ್ನಬೇಕಾದವನು ಒಬ್ಬನೇ. ಅವನ ಮಾತೇನಾದರೂ ಉಳಿದಿದ್ದರೆ ಆ ಐದನೆಯ ದಾರಿಯಲ್ಲಿ ಉಳಿದಿರಬೇಕು. ಅದಕ್ಕೇ ದಿನಾ ಸಂಜೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಒತ್ತುತ್ತಿದ್ದಳು. ಒಳಗೆ. ಹೊರಗೆ. ಒಳಗೆ. ಸಾಲುಗಳು ಬಾಯಿಪಾಠವಾಗಿದ್ದವು, ಈಗೀಗ ಅವನ್ನು ಓದುತ್ತಲೂ ಇರಲಿಲ್ಲ.

ಇವತ್ತು ಗೇಟಿನಾಚೆ ಹುಡುಗಿ. ಗಾನವಿ ಅವಸರದಲ್ಲಿ ‘ಹೊರಗೆ ಹೋಗು’ ಒತ್ತಿದಳು. ಪರದೆ ಕಪ್ಪಾಯಿತು. ಮತ್ತೆ ಜಗಲಿ.

ಓರಗಿತ್ತಿ ನಿರ್ಮಲಾ ಆಗತಾನೆ ಕೊಟ್ಟಿಗೆ ಗುಡಿಸಿ ಒಳಗೆ ಬಂದಿದ್ದಳು. ಲ್ಯಾಪ್‌ಟಾಪ್ ಮುಟ್ಟಿದಿರಾ ಅಕ್ಕ ಎಂದು ಗಾನವಿ ಅವಳನ್ನು ಕೇಳಿದಳು.

“ನಾನ್ಯಾಕೆ ಮುಟ್ಲಮ್ಮ? ಅದ್ರ ಮುಂದೆ ನೀನೊಬ್ಳು ಕೂರೋದೇ ಸಾಕು. ನಾನೂ ಕೂತ್ರೆ ಈ ಮನೇಲಿ ಮುದ್ದೆ ಕಟ್ಟೋರ್ಯಾರು?”

ಭಾವ ಬೆಳಕು ಹರಿಯುವಷ್ಟರಲ್ಲಿ ಕೊಬ್ಬರಿ ಮಂಡಿಗೆಂದು ತಿಪಟೂರಿಗೆ ಹೊರಟಿರುತ್ತಿದ್ದರು. ಇನ್ನುಳಿದವರು ಅತ್ತೆ. ಅವರ ಗಮನವೇ ಈಚೆಗೆ ಸರಿಯಿರಲಿಲ್ಲ. ಒಲೆ ನೋಡಿಕೊಳ್ಳಲು ಬಿಟ್ಟರೆ ಹಾಲು ಉಕ್ಕಿಸಿ, ಮನೆಯೆಲ್ಲ ಸೀದ ವಾಸನೆ. ಪೇಪರಿನ ಒಂದು ತಲೆಬರಹದ ಮೇಲೆ ಬೆರಳಿಟ್ಟು ಅರ್ಧ ಗಂಟೆ ಕೂರುವ ಹೆಂಗಸು. ಅವರನ್ನು ಕೇಳುವ ಯೋಚನೆಯೂ ಗಾನವಿಗೆ ಬರಲಿಲ್ಲ.

ಆಟಕ್ಕೆ ಚಿತ್ರ ಬರೆದುಕೊಟ್ಟಿದ್ದ ಗೆಳೆಯ ಮೋಹನ್ ಕುಮಾರನಿಗೆ ಫೋನ್ ಮಾಡಿದಳು. ಕೊನೆಯ ದಾರಿ ತನಗೂ ತಿಳಿಯದು, ಜ್ಞಾನೇಶ್ ಕೇಳಿದ ಚಿತ್ರಗಳನ್ನು ಕೊಟ್ಟೆ ಅಷ್ಟೆ ಎಂದ. ಜಗಲಿಯಷ್ಟೇ ಅಲ್ಲ, ಗೇಟು, ಕೆರೆ ಏರಿ, ಬಸ್ ನಿಲ್ದಾಣವನ್ನೂ ಬರೆಸಿಕೊಂಡಿದ್ದನಂತೆ.

“ತಾರೀಕಿಗೆ ಏನಾದ್ರೂ ಗಂಟು ಹಾಕಿದ್ನೇನೋ ಅತ್ತಿಗೆ. ಅಂಥ ಕಿತಾಪತಿ ಆಸಾಮಿನೇ ಅವನು.”

ತಾರೀಕು. ಆ ಮಾತು ಗಾನವಿಯೊಳಗೆ ಕೂತುಬಿಟ್ಟಿತು. ಇಷ್ಟು ದಿನ ಕಳೆದ ಮೇಲೆ ಹುಡುಗಿ ತಾನೇ ಎದ್ದು ನಡೆಯಲಿ ಎಂದು ಅವನು ಇಟ್ಟು ಹೋಗಿದ್ದಾನೆ. ತನಗಾಗಿ.

ಮರುದಿನ ಬೆಳಿಗ್ಗೆ ಹುಡುಗಿ ಕೆರೆ ಏರಿಯ ಮೇಲಿದ್ದಳು. ಗಾನವಿ ಒತ್ತಿದಳು, ಜಗಲಿ. ಅದರ ಮರುದಿನ, ಶನಿವಾರ, ಹುಡುಗಿ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಒತ್ತಲು ಆಯ್ಕೆಗಳಿರಲಿಲ್ಲ. ಕೆಳಗೆ ಒಂದೇ ಸಾಲು: ‘ಹೋಗಿ ಬಾ. ಮನೆ ಎಲ್ಲಿಗೂ ಹೋಗುವುದಿಲ್ಲ.’

ಗಾನವಿ ಅತ್ತಳು. ಎಷ್ಟೋ ತಿಂಗಳ ಮೇಲೆ, ಸದ್ದು ಬರುವಂತೆ. ಆಮೇಲೆ ಮುಖ ತೊಳೆದು ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿದಳು.

ಭಾನುವಾರ ಮಧ್ಯಾಹ್ನ ಅರಳಗುಪ್ಪೆಯ ಬಸ್ ನಿಲ್ದಾಣದವರೆಗೆ ಬಂದವರು ಅತ್ತೆ ಒಬ್ಬರೇ. ಮಗನನ್ನು ಕಳೆದುಕೊಂಡ ತನ್ನನ್ನು ಸೊಸೆಯೂ ಬಿಟ್ಟುಹೋದಳು ಎಂದು ಅವರು ಅಂದುಕೊಳ್ಳಬಾರದು. ದೂರದಲ್ಲಿ ತಿಪಟೂರು ಬಸ್ಸು ಕಂಡಾಗ ಗಾನವಿಗೆ ತಡೆಯಲಾಗಲಿಲ್ಲ.

“ಅತ್ತೆ, ಹೋಗು ಅಂತ ನಿಮ್ಮ ಮಗನೇ ಹೇಳಿದ್ರು. ಆ ಆಟದಲ್ಲಿ. ಹುಡುಗಿ ದಿನಾ ತಾನಾಗೇ ಒಂದಿಷ್ಟು ಮುಂದೆ ಹೋಗ್ತಿದ್ಲು.”

ಸುವರ್ಣಮ್ಮ ಸೊಸೆಯ ಹೆಗಲಿನಿಂದ ಜಾರುತ್ತಿದ್ದ ಬ್ಯಾಗನ್ನು ಮೇಲಕ್ಕೆ ಸರಿಸಿದರು.

“ತಾನಾಗೇ ಎಲ್ ಹೋಗ್ತಾಳೆ? ನೀನು ಓದದೇನೇ ಒತ್ತಿಬುಡ್ತೀಯ ಕಣವ್ವ, ಅದ್ಕೇ ಅವಳು ವಾಪಸ್ ಬತ್ತಾಳೆ. ‘ಏನೂ ಒತ್ತಬೇಡ, ನೀನು ಅಕ್ಷರ ಕೂಡಿಸ್ಕಂಡು ಓದೋಗಂಟ ಅವಳು ಕಾಯ್ತಾಳೆ, ಆಮೇಲೆ ಮುಂದಕ್ಕೆ ಹೋಗ್ತಾಳೆ ಅಮ್ಮ’ ಅಂತ ನಂಗೋಸ್ಕರ ಮಾಡಿಟ್ಟಿದ್ದ ನನ್ ಮಗ. ನಿನ್ನೆ ನೀನು ಡೈರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡ್‌ಗಂಟ ಓದ್ಬುಟ್ಟು, ನೀನು ನೋಡ್ಲಿ ಅಂತ ಹಂಗೇ ಮುಚ್ಚಿಟ್ಟೆ.”