ನಿಲ್ಲದ ಹಾಡಿಗೆ ಇನ್ನೊಂದು ಕೈ

ಹುಲ್ಲು ಒಣಗಿಸುವ ಕಾಲ. ಬೆಳಿಗ್ಗೆ ಕೊಯ್ದದ್ದನ್ನು ಬಿಸಿಲೇರುವುದರೊಳಗೆ ತಿರುವಿ ಹಾಕದಿದ್ದರೆ ಅಡಿಯದು ಮುಗ್ಗಲು ಹಿಡಿಯುತ್ತದೆ. ಡಬ್ಬಿ ಅರ್ಧ ಹೊಲ ತಿರುವಿ, ಕವೆಗೋಲನ್ನು ನೆಲಕ್ಕೆ ಊರಿ, ಜಗಲಿಯ ಮೇಲೆ ಅಕ್ಕ ಅವನ ಚೀಲ ತುಂಬುತ್ತಿದ್ದುದನ್ನು ಅನುಮಾನದಿಂದ ನೋಡಿದ.

ಎರಡು ಅಂಗಿ. ಒಂದು ಕಂಬಳಿ. ಹಲ್ಲುಜ್ಜುವ ಬ್ರಷ್ಷು.

"ಸಂಜೆ ಹಾಲು ಕರೆಯೋ ಹೊತ್ತಿಗೆ ಬಂದುಬಿಡ್ತೀನಲ್ಲಕ್ಕ. ಕಂಬಳಿ ಯಾಕೆ?"

"ಬಯಲಲ್ಲಿ ಗಾಳಿ. ಇರಲಿ."

"ಬ್ರಷ್ಷು?"

"ಗಾನ ಕೇಳೋಕೆ ಹೋಗೋನು ಹಲ್ಲುಜ್ಜಬಾರದು ಅಂತ ಎಲ್ಲಾದರೂ ಇದೆಯಾ? ಮುಂದಿನ ಸಾಲಲ್ಲೇ ಕೂತ್ಕೋ. ಹಿಂದೆಲ್ಲೋ ಮುದುರಿಕೊಂಡು ಕೂರಬೇಡ."

ಕೈಗೆ ಸಿಕ್ಕ ಡಬ್ಬವನ್ನೆಲ್ಲ ಬಾರಿಸುತ್ತಿದ್ದುದರಿಂದ ಅವನಿಗೆ ಡಬ್ಬಿ ಎಂದು ಹೆಸರು. ಹಾಲಿನ ಡಬ್ಬದ ಮೇಲೆ ಅವನ ಬೆರಳು ಬೀಳದೆ ಕೊಟ್ಟಿಗೆಯಲ್ಲಿ ಬೆಳಗಾಗುತ್ತಿರಲಿಲ್ಲ. ಆದರೆ ಇವತ್ತು ಅವನು ಕೇಳಲು ಹೊರಟಿದ್ದ ಆ ಬ್ಯಾಂಡಿನ ಮಾತೆತ್ತಿದರೆ ಮೂರು ವರ್ಷಗಳಿಂದ ಅಕ್ಕ ಕೈಯಲ್ಲಿದ್ದುದನ್ನು ಕುಕ್ಕಿ ಎದ್ದು ಹೋಗುತ್ತಿದ್ದಳು. ಕಾರಣವಿತ್ತು. ಮೂರು ವರ್ಷಗಳ ಹಿಂದೆ ಟಿಕೇಟು ಕೊಂಡವನು ಡಬ್ಬಿಯೇ. ಅದೇ ದಿನ ಹಸು ಕರು ಹಾಕಲು ಒದ್ದಾಡಿತು, ಕರುವಿನ ಕಾಲು ಅಡ್ಡ ಸಿಕ್ಕಿತ್ತು. ಟಿಕೇಟು ಹಾಳಾಗಬಾರದೆಂದು ಅವನು ಪಂಪು ರಿಪೇರಿಯ ಭಾವನನ್ನು ಗೋಗರೆದು ಕಳಿಸಿದ: ನೀವು ಕೇಳಿಕೊಂಡು ಬಂದು ನನಗೆ ಹೇಳಿ ಅಂತ. ಸಂಗೀತವೆಂದರೆ ಆಕಳಿಸುತ್ತಿದ್ದ ಭಾವ ಗೊಣಗುತ್ತಲೇ ಹೋದರು. ಬರಲಿಲ್ಲ.

ಟಿಕೇಟು ಹರಿಯುವ ಹೆಂಗಸಿನ ಜೊತೆ ಓಡಿಹೋದರು ಎಂದು ಊರು ಆಡಿಕೊಂಡಿತು. ಅಕ್ಕ ಸಂಜೆ ಗಂಡನ ಪಾಲಿನ ಹಸುಗಳನ್ನೂ ತಾನೇ ಕರೆಯಲು ಕೂತಾಗ, ಹಸುವಿಗೆ ಹೇಳುವಂತೆ, "ನಿನ್ನ ಬದಲಿಗೆ ಹೋದವರು" ಎನ್ನುತ್ತಿದ್ದಳು. ಆ ಋಣ ಹೇಗೆ ತೀರಿಸುವುದೆಂದು ತಿಳಿಯದೆ ಡಬ್ಬಿ ಡಬ್ಬ ಬಾರಿಸುವುದನ್ನು ನಿಲ್ಲಿಸುತ್ತಿದ್ದ.

ಹೋದ ವಾರ ಬ್ಯಾಂಡಿನ ಲಾರಿ ಡ್ರೈವರ್ ಪೋಸ್ಟರು ಅಂಟಿಸುತ್ತ ಬಂದು ಅಂಗಳದಲ್ಲಿ ನೀರು ಕೇಳಿದ. ಅಕ್ಕ ಅವನನ್ನು ಬೈದು ಅಟ್ಟುತ್ತಾಳೆಂದುಕೊಂಡರೆ, ಕೂರಿಸಿ ಬಹಳ ಹೊತ್ತು ಮಾತಾಡಿಸಿದಳು. ಮಾರನೆಯ ದಿನ ತಾನೇ ಟಿಕೇಟು ತಂದು ತಮ್ಮನ ಕೈಗಿಟ್ಟಳು. ಹೆಂಗಸಿನ ಮನಸ್ಸು ಕಲ್ಲಲ್ಲ ಎಂದು ಡಬ್ಬಿಯ ಕಣ್ಣು ತುಂಬಿತು.

ಬಯಲಿನಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಈ ಬ್ಯಾಂಡಿನ ಹೆಚ್ಚುಗಾರಿಕೆಯೇ ಬೇರೆ. ಎಂದೋ ಶುರುವಾದ ಒಂದೇ ಹಾಡು, ಇವತ್ತಿನವರೆಗೆ ನಿಂತಿಲ್ಲ. ಊರಿಂದೂರಿಗೆ ಹೋಗುವಾಗಲೂ ಲಾರಿಯೊಳಗೆ ಬಾರಿಸುತ್ತಲೇ ಇರುತ್ತಾರೆ. ಐವರೂ ದೊಡ್ಡ ಹುಲ್ಲಿನ ಟೋಪಿ ಹಾಕಿ ಮೂಗಿನ ಮೇಲಕ್ಕೆ ಬಟ್ಟೆ ಕಟ್ಟಿರುತ್ತಾರೆ. ಮುಖ ತೋರಿಸಿ ಹೆಸರು ಮಾಡುವ ಚಪಲವಿಲ್ಲ ಎಂದು ಅಭಿಮಾನಿಗಳ ವಿವರಣೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಊರಿನಲ್ಲೂ ನೆನೆಸದವರು ಅತಿಥಿಗಳಾಗಿ ವೇದಿಕೆ ಹತ್ತುತ್ತಾರೆ. ಒಮ್ಮೆಯಾದರೂ ತನ್ನನ್ನು ಕರೆದಾರೆಂಬುದು ಡಬ್ಬಿಯ ಜನ್ಮದ ಆಸೆ.

ಡ್ರಮ್ಮಿನವನಂತೂ ಅವನನ್ನು ಮರುಳು ಮಾಡಿಬಿಟ್ಟ. ಟಕ್-ಟಕಾ, ಟುಸ್. ಟಕ್-ಟಕಾ, ಟುಸ್. ವಾಷರ್ ಸವೆದ ಪಂಪಿನ ಹಾಗೆ. ಇಷ್ಟು ದೊಡ್ಡ ಕಲಾವಿದ ನಮ್ಮಂಥವರ ಹಿತ್ತಲಿನ ಸದ್ದನ್ನು ಎಲ್ಲಿಂದ ಹಿಡಿದನೋ ಎಂದು ಡಬ್ಬಿ ಪಕ್ಕದವನ ತೊಡೆಯ ಮೇಲೆ ತಾಳ ಹಾಕಿದ.

ಅತಿಥಿಗಳು ಬರತೊಡಗಿದರು. ಮೊದಲು ಹಲ್ಲಿನ ಡಾಕ್ಟರಮ್ಮ. ಗಿಟಾರಿನವನು ನುಡಿಸುತ್ತಲೇ ಗಿಟಾರನ್ನು ಅವಳ ಕೊರಳಿಗೆ ಹಾಕಿ, ಅವಳ ಕಾಲು ಮುಟ್ಟಿ, ಕಣ್ಣೊರೆಸಿಕೊಳ್ಳುತ್ತ ಹಿಂದಿನ ಮೆಟ್ಟಿಲಿಳಿದು ಬಯಲಿಗೆ ಅಡ್ಡಲಾಗಿ ಓಡಿಹೋದ. ಬಳಿಕ ತಕ್ಕಡಿ ರಿಪೇರಿಯವನು. ಹಾರ್ಮೋನಿಯಂ ಹೆಂಗಸು ಅವನಿಗೆ ಪೆಟ್ಟಿಗೆ ಒಪ್ಪಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಅದೇ ದಿಕ್ಕಿಗೆ ಓಡಿದಳು. ವೇದಿಕೆಯ ಮೇಲೆ ಮತ್ತೆ ಐದೇ ಜನ. ಎಂಥ ವಿನಯ, ಅಂದುಕೊಂಡ ಡಬ್ಬಿ. ಚಪ್ಪಾಳೆಗೂ ಕಾಯುವುದಿಲ್ಲ.

ಹೊತ್ತಿಳಿಯುವಾಗ ಡ್ರಮ್ಮಿನವನು ಒಂದು ಕಡ್ಡಿಯನ್ನು ಮುಂದಿನ ಸಾಲಿಗೆ ಚಾಚಿದ. ನೇರ ಡಬ್ಬಿಯ ಎದೆಗೆ.

ಚೀಲ ಹೆಗಲಿಗೇರಿಸಿ ಅವನು ಹೇಗೆ ಮೇಲೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಒಂದು ಕಡ್ಡಿ ಅವನ ಕೈಗೆ ಬಂತು, ತಾಳ ತಪ್ಪಲಿಲ್ಲ. ಇನ್ನೊಂದೂ ಬಂತು. ಜನ ಶಿಳ್ಳೆ ಹಾಕಿದರು. ಡ್ರಮ್ಮಿನವನು ನಡು ಹಿಡಿದುಕೊಂಡು ನಿಧಾನ ಎದ್ದು, ಮುಖದ ಬಟ್ಟೆ ಇಳಿಸಿದ.

"ಭಾವ?"

"ಕೈ ನಿಲ್ಲಿಸಬೇಡ ಮಾರಾಯ," ಎಂದರು ಭಾವ. ಗಡ್ಡ ಎದೆಗಿಳಿದಿತ್ತು. "ನೀರು ಕುಡಿದು ಬರ್ತೀನಿ, ಒಂದ್ನಿಮಿಷ ಹಿಡ್ಕೊಳ್ಳಿ ಅಂದ ಆವತ್ತಿನ ಡ್ರಮ್ಮಿನ ಪುಣ್ಯಾತ್ಮ. ಇನ್ನೂ ಕುಡೀತಾನೇ ಇದಾನೆ."

ಬಿಟ್ಟು ಬರಬಾರದಿತ್ತೇ ಎಂದು ಡಬ್ಬಿ ಬಾರಿಸುತ್ತಲೇ ಕೇಳಿದ.

"ಇಷ್ಟು ವರ್ಷ ನಿಲ್ಲದೇ ಇರೋದನ್ನ ನಿಲ್ಲಿಸಿದ ಮನುಷ್ಯ ಅನ್ನಿಸಿಕೊಳ್ಳೋಕೆ ನನ್ನ ಕೈಲಾಗಲಿಲ್ಲ. ಹತ್ತಿ ಬರೋರಿಗೆಲ್ಲ ಗಿಟಾರೇ ಬೇಕು. ಡ್ರಮ್ಮು ಯಾರಿಗೂ ಬೇಡ."

"ಮತ್ತೆ ನಿಜವಾದ ಬ್ಯಾಂಡಿನವರು?"

"ಅವರನ್ನ ನೋಡಿದೋರು ಯಾರೂ ಸಿಕ್ಕಿಲ್ಲ. ಆ ಡೋಲಕ್ಕಿನವರು ಪ್ರೈಮರಿ ಸ್ಕೂಲ್ ಹೆಡ್‌ಮಾಸ್ತರು, ಬಿಡುವಾದಾಗ ಮಾತಾಡಿಸು, ಒಳ್ಳೇ ಜನ."

ಹಿಂದೆ ಲಾರಿ ಗುರುಗುಟ್ಟಿತು. ಡಬ್ಬಿಯ ಕೈಗಳು ಅವನನ್ನು ಕೇಳದೆ ಓಡುತ್ತಿದ್ದವು. ಅಳಬೇಕೋ ಹಿಗ್ಗಬೇಕೋ ತೋಚದೆ ಅವನು ಎರಡನ್ನೂ ತಾಳಕ್ಕೆ ಹಾಕಿದ.

"ಅಕ್ಕ ಕಾಯ್ತಿರ್ತಾಳೆ ಭಾವ, ಹಾಲು ಕರೀಬೇಕು."

"ಇನ್ಮೇಲೆ ನಾನು ಕರೀತೀನಿ." ಭಾವ ತಮ್ಮ ಟೋಪಿಯನ್ನು ಅವನ ತಲೆಗಿಟ್ಟು, ಹೆಗಲಿನ ಚೀಲವನ್ನು ಬಿಚ್ಚಿ ಒಂದೊಂದಾಗಿ ಮುಟ್ಟಿ ನೋಡಿದರು. ಅಂಗಿ ಎರಡು, ಕಂಬಳಿ, ಬ್ರಷ್ಷು. ಅವರ ಕಣ್ಣು ಒದ್ದೆಯಾಯಿತು.

"ಡ್ರೈವರ್ ಹತ್ರ ನಾನು ಹೇಳಿ ಕಳಿಸಿದ್ದರಲ್ಲಿ ಒಂದನ್ನೂ ಮರೆತಿಲ್ಲ ನಿಮ್ಮಕ್ಕ."