ಕೈಗೆ ಸಿಗದ ಜಿಂಕೆಮರಿ

ಮುಟ್ಟಾಟದಲ್ಲಿ ಔಟಾಗಿ ಮಗಳು ಅತ್ತುಕೊಂಡು ಬಂದ ದಿನವೇ ತಾಯಿ ಬೀದಿಗಿಳಿದು ಮಕ್ಕಳನ್ನೆಲ್ಲ ನಿಲ್ಲಿಸಿಕೊಂಡಳು.

"ಇನ್ನೊಂದ್ಸಲ ಯಾರಾದ್ರೂ ಇವಳನ್ನ ಔಟ್ ಮಾಡಿ ಅಳಿಸಿದ್ರೆ ನಿಮ್ಮನೆಗೇ ಬರ್ತೀನಿ."

"ಮಕ್ಕಳಾಟ ಕಣೇ, ಅವಳೇ ನೋಡ್ಕೋತಾಳೆ ಬಿಡು" ಎಂದ ಅತ್ತೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಮಗಳು ಒಮ್ಮೆಯೂ ಔಟಾಗಲಿಲ್ಲ, ಅಳಲೂ ಇಲ್ಲ. ಸಂಜೆ ಅವಳ ಕಾಲು ತೊಳೆಸುತ್ತ ತಾಯಿ ದಿನವೂ ಹೆಮ್ಮೆಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಇವತ್ತೂ ಯಾರ ಕೈಗೂ ಸಿಗ್ಲಿಲ್ವಾ ನನ್ನ ಜಿಂಕೆಮರಿ?"

ಇಂದು ಮಗಳು ತಲೆ ಎತ್ತಲಿಲ್ಲ. ತಾಯಿ ಕೈಗೆ ತೆಗೆದುಕೊಂಡ ಪಾದದಲ್ಲಿ ಒಂದು ಚೂರು ಮಣ್ಣೂ ಇರಲಿಲ್ಲ.

"ನಾನು ಓಡ್ಲೇ ಇಲ್ಲ ಅಮ್ಮ. ಹಿಡಿಯೋಳ ಮುಂದೇನೇ ನಿಂತ್ಕೊಂಡಿದ್ದೆ. ಆದ್ರೂ ಅವಳು ನನ್ನ ಮುಟ್ಲಿಲ್ಲ."