ಇನಾಮದಾರರ ಗುರುತು

"ಇದು ನಮ್ಮ ಕಂಪನೀದು. ಹ್ಯಾಂಗ ನೀರಿನಂಗ ಓಡಾಕತ್ತೈತಿ ನೋಡು! ಅದು ನಿನ್ನ ಗುಜರಿ ಡಬ್ಬಿ, ಕುಂಟಾಕತ್ತೈತಿ," ಎಂದು ಬೆಳಗಾವಿಯಿಂದ ಬಂದಿದ್ದ ಕಂಪನಿಯ ಅಧಿಕಾರಿ ಇನಾಮದಾರರು ಮೊದಲು ಎಡಗಡೆಯ, ಆಮೇಲೆ ಬಲಗಡೆಯ ಪರದೆಗೆ ಬೆರಳು ಮಾಡಿದರು. ಕೆಳಗಿನ ಬಂದರಿನ ಕಲ್ಲಿದ್ದಲ ಧೂಳಿಗೆ ಅಂಜಿ, ಮಂಗೋರ್ ಹಿಲ್‌ನ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಅಲ್ತಾಫ ಎರಡೂ ಯಂತ್ರಗಳಿಗೆ ಕೌದಿ ಹೊದಿಸಿದ್ದ; ಪರದೆಗಳಷ್ಟೇ ಕಾಣುತ್ತಿದ್ದವು. ಎರಡರಲ್ಲೂ ಓಡುತ್ತಿದ್ದುದು ಕಂಪನಿಯ ಆಪರೇಟಿಂಗ್ ಸಿಸ್ಟಮ್ಮೇ. ತಾನು ಜೋಡಿಸಿದ ಯಂತ್ರಗಳಲ್ಲಿ ಅದನ್ನು ಹಾಕಿ ಮಾರುವ ಅನುಮತಿಗಾಗಿ ಅಲ್ತಾಫ ನಾಲ್ಕು ತಿಂಗಳಿಂದ ಕಾದಿದ್ದ. ಆದುದರಿಂದಲೇ, ಅವರು ಅವನ ಕೀಲಿಮಣೆಯನ್ನು ಕರವಸ್ತ್ರದಿಂದ ಒರೆಸಿ ಮುಟ್ಟಿದ್ದನ್ನೂ ನುಂಗಿಕೊಂಡಿದ್ದ.

"ಕಂಡಕಂಡವರ ಡಬ್ಬ್ಯಾಗ ಹಾಕಿದ್ರ ನಮ್ಮ ಸಿಸ್ಟಮ್ಮಿನ ಮಾನ ಏನ್ ಉಳೀತೈತೋ?"

ಅಲ್ತಾಫ ಎಡಗಡೆಯ ಕೌದಿಯನ್ನು ಎತ್ತಿದ. ಅದರಡಿಯಿದ್ದುದು ಅವನೇ ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿದ ಯಂತ್ರ. ಬಲಗಡೆಯದನ್ನೂ ಎತ್ತಿದ. ಕುಂಟುತ್ತಿದ್ದ ಯಂತ್ರದ ನೆತ್ತಿಯ ಮೇಲೆ ಕಂಪನಿಯ ಬೆಳ್ಳಿ ಮುದ್ರೆ ಹೊಳೆಯಿತು.

ಇನಾಮದಾರರು ಕೆಮ್ಮಿದರು. "ಆದ್ರೂ ನಿಯಮ ನಿಯಮನ. ಇನ್ನೊಂದು ಅರ್ಜಿ ಬರಿ, ನೋಡೋಣು." ಇಂಥವರ ಸಹಿಗಾಗಿ ನಾಲ್ಕು ತಿಂಗಳು ನಿದ್ದೆಗೆಟ್ಟೆನಲ್ಲ ಎಂದು ಅಲ್ತಾಫನಿಗೆ ನಗು ಬಂತು. "ಬ್ಯಾಡ್ರಿ ಸಾಹೇಬ್ರ. ತಮ್ಮದನ್ನ ತಾವ ಗುರುತು ಹಿಡೀಲಾರದವ್ರ ಸಹಿ ತಗೊಂಡು ನಾ ಏನ್ ಮಾಡ್ಲಿ? ಚಾ ಕುಡದು ಹೋಗ್ರಿ."